ಹೋಲ್ಡಾನ್

ಕಾರವಾರ ಡಿಪೋದ ರಿಜಿಸ್ಟರಿನಲ್ಲಿ ಇವತ್ತಿಗೂ ಇದೆ
ಕೆಂಪು ಶಾಯಿಯ ಒಂದು ಸಾಲು:
'ಇವರಿಬ್ಬರನ್ನು ಒಂದೇ ಶೆಡ್ಯೂಲಿಗೆ ಹಾಕಬಾರದು.'
ಬರೆದ ಸಾಹೇಬರು ರಿಟೈರಾಗಿ ಅಂಕೋಲೆಯಲ್ಲಿ
ಮಾವಿನ ಸಸಿ ಮಾರುತ್ತಾರೆ ಈಗ.
ನಮ್ಮ ಮದುವೆಗೆ ಬಂದಿದ್ದರು,
ಪಂಕ್ತಿಯಲ್ಲಿ ತಲೆ ಅಲ್ಲಾಡಿಸುತ್ತಲೇ ಕೂತಿದ್ದರು,
ಪಾಯಸ ಬೇಕೋ ಬೇಡವೋ
ಬಡಿಸುವವನಿಗೆ ತಿಳಿಯದ ಹಾಗೆ.

ಎರಡು ವರ್ಷ
ಹಮ್ಮಣ್ಣನ ಕೈಯಲ್ಲಿ ಸ್ಟಿಯರಿಂಗು, ನನ್ನ ಬಾಯಲ್ಲಿ ಸೀಟಿ.
ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು,
ಮೂರನೆಯ ಮಾತಿಲ್ಲ.
ಅವನು ಬಿಣಗಾದಲ್ಲಿ ಒಂದಕ್ಕೆ ನಿಲ್ಲಲಿಲ್ಲ.
'ಅಲ್ಲಿ ಸ್ಟಾಪಿಲ್ಲ.'
ಬುಟ್ಟಿ ಹೊತ್ತ ಮುದುಕಿಗೆ ಅವಳ ಮೊಣಕಾಲೇ ಸ್ಟಾಪು, ಅಂದೆ.
ಮರುದಿನ ಎರಡು ಊದಲಿಲ್ಲ ನಾನು,
ಹನ್ನೊಂದು ನಿಮಿಷ,
ಚಿಲ್ಲರೆ ಎಣಿಸುತ್ತ ಕೂತೆ.
ಅವನು ಇಂಜಿನ್ ಆರಿಸಿ, ಇಳಿದು, ಚಾ ಕುಡಿದು,
ನನಗೊಂದು ತಾರದೆ ಬಂದು ಕೂತ.
ತಾರದ ಆ ಚಾದ ಲೆಕ್ಕ ಇನ್ನೂ ಬಾಕಿ ಇದೆ.

ಕೋಡಿಬಾಗದ ನನ್ನ ಆಯಿ ಹೇಳಿದಳು:
ಒಬ್ಬರಾದರೂ ಬಾಗಬೇಕು ಶೇವಂತಿ,
ಎದುರುಬದುರು ಎರಡು ಗೂಟ ಹೊಡೆದರೆ
ಅದಕ್ಕೆ ಸಂಸಾರ ಅನ್ನುವುದಿಲ್ಲ.
ಬಲೆ ಒಣಹಾಕುವುದು ಎರಡು ಗೂಟದ ನಡುವೆಯೇ ಅಲ್ಲವಾ ಆಯಿ,
ಒಂದು ಬಾಗಿದರೆ ಬಲೆ ಮಣ್ಣಿಗೆ, ಅಂದೆ.
ಅವಳು ಉತ್ತರ ಕೊಡದೆ
ಬಂಗಡೆಯ ತಲೆ ಕಡಿದಳು,
ಬೇಕಾದ್ದಕ್ಕಿಂತ ಜೋರಾಗಿ.

ಇನ್ನೊಮ್ಮೆ, ಕಾಳಿ ಸೇತುವೆಯ ಮೇಲೆ,
ಮುಂದಿನ ಸೀಟಿನ ಓದಿದವರೊಬ್ಬರು
ನದಿ ಕಡಲು ಸೇರುವುದನ್ನು ಬೆರಳಿಟ್ಟು ತೋರಿಸಿ
'ದಾಂಪತ್ಯ ಅಂದರೆ ಹೀಗೆ ಮೇಡಂ' ಅಂದರು.
ನಮ್ಮಲ್ಲಿ ನದಿ ಯಾರು?
ಇಬ್ಬರೂ ಉಪ್ಪೇ.
ಸದಾಶಿವಗಡಕ್ಕೆ ಒಂದು ಟಿಕೆಟ್ ಒತ್ತಿ ಕೊಟ್ಟೆ.

ಮದುವೆಯಾದ ಮೇಲೆ, ಕೆಂಪು ಶಾಯಿಯ ಪ್ರಕಾರ,
ಅವನದೊಂದು ಬಸ್ಸು, ನನ್ನದೊಂದು.
ಹಾಗೆಯೇ ಒಂದು ಸಂಜೆ ದೇವಿಮನೆ ಘಾಟಿನ ತಿರುವಿನಲ್ಲಿ
ಆಕ್ಸಲ್ ಮುರಿದ ಲಾರಿ ಅರ್ಧ ರಸ್ತೆ ನುಂಗಿ ಮಲಗಿತ್ತು.
ಅವನು ಶಿರಸಿಗೆ ಹತ್ತುವವನು, ನಾನು ಇಳಿಯುವವಳು,
ಮೂತಿಗೆ ಮೂತಿ.
ಹತ್ತುವವರಿಗೆ ದಾರಿ ಮೊದಲು: ನಿಯಮ ಅವನ ಕಡೆ.
ನಮ್ಮ ಬೆನ್ನಿಗೆ ಎಂಟು ವಾಹನ: ಸತ್ಯ ನನ್ನ ಕಡೆ.
ಅವನು ಕೈಕಟ್ಟಿ ಕೂತ.
ನನ್ನ ಡ್ರೈವರು, ಹಳಿಯಾಳದ ಹೊಸ ಹುಡುಗ,
ಬೆವರು ಒರೆಸಿಕೊಂಡ.

ಇಳಿದೆ.
ಅವನ ಕಿಟಕಿ ದಾಟುವಾಗ ಮೇಲೆ ನೋಡಲಿಲ್ಲ,
ಅವನು ಕೆಳಗೆ ನೋಡಲಿಲ್ಲ.
ಬಸ್ಸಿನ ಹಿಂದೆ, ಅಂಚಿನಲ್ಲಿ ಹೋಗಿ ನಿಂತೆ.
ಅವನ ಕಂಡಕ್ಟರು ಬಾಯಿಗಿಟ್ಟ ಸೀಟಿ
ಸುಮ್ಮನೆ ಜೇಬಿಗಿಳಿಸಿದ.

ಬರ್ಲಿ… ಬರ್ಲಿ… ಎಡಕ್ಕೆ… ಬರ್ಲಿ…

ಕನ್ನಡಿಯಲ್ಲಿ ಅವನ ಕಣ್ಣು ಇರಲಿಲ್ಲ.
ಅಷ್ಟು ಟನ್ನು ಕಬ್ಬಿಣ, ಐವತ್ತು ಜನ,
ಮಡಿಲಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಹುಡುಗ,
ಎಲ್ಲ ನನ್ನ ಗಂಟಲಿನ ಅಳತೆಗೆ
ಗೇಣು ಗೇಣು ಹಿಂದಕ್ಕೆ.

ಹೋಲ್ಡಾನ್!

ನಿಂತ.
ಒಂದೇ ಮಾತಿಗೆ, ಮೊದಲ ಸಲ.
ಟೈರಿಗೂ ಕಣಿವೆಗೂ ನಡುವೆ
ನನ್ನ ಎರಡು ಪಾದ ಇದ್ದವು.

ರಾತ್ರಿ, ಹಬ್ಬುವಾಡದ ಮನೆಯಲ್ಲಿ:
'ಅಲ್ಲಿ ನಿಲ್ಲಬಾರದಿತ್ತು ನೀನು.'
'ಎಲ್ಲಿ ನಿಲ್ಲಬೇಕೆಂದು ಹೇಳುವ ಕೆಲಸ ನನ್ನದು.'
'ನಿಯಮ ನನ್ನ ಕಡೆ ಇತ್ತು.'
'ಇತ್ತು.'
ಸ್ವಲ್ಪ ಹೊತ್ತು ಫ್ಯಾನು ಮಾತ್ರ ಮಾತಾಡಿತು.
ಶೆಟ್ಲಿ ಸಾರಿಗೆ ಮುರುಗಲು ಹೆಚ್ಚಾಗಿದೆ, ಅಂದ.
ಆಗಿಲ್ಲ, ಅಂದೆ.
ಹೆಚ್ಚಾಗಿದೆ ಎಂದು ರುಜುವಾತು ಮಾಡಲು
ಇನ್ನೊಂದು ಸೌಟು ಹಾಕಿಕೊಂಡ,
ಮತ್ತೊಂದು.